ಖಾಲಿ ಬಂಬಕ್ಕೆ ಬೆಂಕಿ

ಉಸ್ಮಾನ ಮಿಯಾ ಅವರಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಮೂರು ವರ್ಷ ಗಟ್ಟಿಯಾಗಿ ನಂಬಿದ್ದೆ. ನಂಬಿಕೆಗೆ ಆಧಾರವಿತ್ತು. (ನಾನು ಭಾಲ್ಕಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು; ಆಧಾರವಿಲ್ಲದೆ ಮಾತಾಡುವುದೇನಿದ್ದರೂ ಮನೆಯಲ್ಲಿ ಮಾತ್ರ.) ಬೀದರಿನ ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಬೆಸುಗೆ ಹಾಕುವುದು, ಕಲಾಯಿ ಮಾಡುವುದು ಅಪ್ಪನ ಕಾಲದಿಂದ ಬಂದ ಕಸಬು. ಮೊದಲ ಸಲ ಒಂದು ಕೊಡ ಒಯ್ದಾಗ ಅವರಿಗೆ ಹನ್ನೊಂದು ಪ್ರಶ್ನೆ ಕೇಳಿದೆ. ಈ ತಾಮ್ರ ಎಲ್ಲಿಯದು, ಬೆಸುಗೆಗೆ ತವರ ಎಷ್ಟು, ಸೀಸ ಎಷ್ಟು, ಬಹಮನಿ ಸುಲ್ತಾನರ ಕೊಡಗಳೂ ಹೀಗೇ ಸೋರುತ್ತಿದ್ದವೇ, ಇತ್ಯಾದಿ. ಒಂದಕ್ಕೂ ಉತ್ತರ ಬರಲಿಲ್ಲ. ಮನುಷ್ಯ ತಲೆ ಸಹ ಎತ್ತಲಿಲ್ಲ. ಪಾಪ, ಕಿವುಡರು ಎಂದು ತೀರ್ಮಾನಿಸಿಬಿಟ್ಟೆ.

ಅಂದಿನಿಂದ ನಮ್ಮ ವ್ಯವಹಾರವೆಲ್ಲ ಕೈಸನ್ನೆಯಲ್ಲಿ. ಕೊಡ ಸೋರುತ್ತಿದೆ ಎನ್ನಲು ಎರಡು ಬೆರಳಿನಿಂದ ತೂತು ತೋರಿಸಿ, ಹತ್ತು ಬೆರಳಿನಿಂದ ನೀರು ಹರಿಸಿ, ಕೊನೆಗೆ ಜಾರಿ ಬೀಳುವ ಹೆಂಡತಿಯನ್ನೂ ಅಭಿನಯಿಸಿ ತೋರಿಸುತ್ತಿದ್ದೆ. ಎರಡನೆಯ ವರ್ಷದಿಂದ ಪಕ್ಕದ ಅಂಗಡಿಯವರು ನಾನು ಬಂದರೆ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಕಿವಿ ಕೇಳಿಸದವರ ಎದುರು ಇರುವ ಇನ್ನೊಂದು ಅನುಕೂಲವನ್ನೂ ನಾನು ಬಿಟ್ಟಿರಲಿಲ್ಲ. ಒಮ್ಮೆ ನನ್ನ ಹೆಂಡತಿ ರಾಧಿಕಾ ಜೊತೆಗಿದ್ದಾಗ ಅವರ ಮುಂದೆಯೇ ಅಂದಿದ್ದೆ: "ಕೈ ಚೊಲೊ ಅದ, ತಲೀ ಕಡಿಮಿ. ಆರು ತಿಂಗಳ ನನ್ನ ಕೈಯಾಗ ಸಿಕ್ರ ತಯಾರ ಮಾಡ್ತೇನಿ."

ಇಂಥ ಮಾತಿಗೆ ನನಗೆ ಅಧಿಕಾರವಿತ್ತು. ನೌಬಾದದ ನಮ್ಮ ಮನೆಯ ಹಿಂದೆ, ಬಚ್ಚಲಿಗೆ ತಾಗಿ, ತಗಡಿನ ಒಂದು ಶೆಡ್ಡು ಇದೆ. ಅದರ ಬಾಗಿಲಿಗೆ 'ಓಂಪ್ರಕಾಶ ಯಂತ್ರಾಲಯ' ಎಂದು ನಾನೇ ಬಣ್ಣದಲ್ಲಿ ಬರೆದಿದ್ದೇನೆ. ರಾಜ್ಯದ ಉಳಿದ ಕಡೆ ಚಳಿ ಎಂದರೆ ಶಾಲು ಹೊದೆಯಲು ಒಂದು ನೆಪ. ಬೀದರಿನಲ್ಲಿ ಮಾತ್ರ ಅದು ಖುದ್ದಾಗಿ ಮನೆಗೆ ಬಂದು ಉಳಿದುಕೊಳ್ಳುತ್ತದೆ. ಪ್ರತಿ ಡಿಸೆಂಬರಿನಲ್ಲಿ ಪರೀಕ್ಷೆ ಮುಗಿದು ರಜೆ ಬಂದೊಡನೆ ನಾನು ಕಿವಿಗೆ ಮಫ್ಲರ್ ಸುತ್ತಿ, ಪಕ್ಕಡ, ಪಾನಾ, ಹಾತೋಡಿ ಮುಂತಾದ ಸಲಕರಣೆಗಳ ನಡುವೆ ಪೀಠಾರೋಹಣ ಮಾಡುತ್ತೇನೆ. ಕೊಳಾರದ ಕಾರ್ಖಾನೆಗಳ ಸುತ್ತಮುತ್ತ ಹೆಕ್ಕಿ ತಂದ ಪೈಪು, ಪಟ್ಟಿ, ಬುಷ್ಷುಗಳು ಗೋಡೆಯುದ್ದಕ್ಕೂ ಇವೆ. ನನಗೆ ಅದು ಬಂಗಾರ. ರಾಧಿಕಾ ಅದನ್ನೇ ಇನ್ನೊಂದಿಷ್ಟು ಉಸಿರು ಸೇರಿಸಿ ಭಂಗಾರ, ಅಂದರೆ ಗುಜರಿ, ಎನ್ನುತ್ತಾಳೆ.

ನನ್ನ ಸಾಧನೆ ಸಣ್ಣದಲ್ಲ. ನಾನು ದುರಸ್ತಿ ಮಾಡಿದ ಮೇಲೆ ಟೇಬಲ್ ಫ್ಯಾನು ಹಿಂದಕ್ಕೆ ಗಾಳಿ ಬೀಸುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಯ ಗೋಡೆಗಳಷ್ಟು ತಣ್ಣಗಿನ ಗೋಡೆ ನೌಬಾದದಲ್ಲೇ ಇಲ್ಲ. ಗೋಡೆ ಗಡಿಯಾರ ಮಲಗಿಸಿದರೆ ಕರಾರುವಾಕ್ಕಾಗಿ ನಡೆಯುತ್ತದೆ, ತೂಗುಹಾಕಿದರೆ ನಿಲ್ಲುತ್ತದೆ. ಹೀಗಾಗಿ ನಮ್ಮಲ್ಲಿ ಗಂಟೆ ಎಷ್ಟೆಂದು ತಿಳಿಯಲು ಬಗ್ಗಬೇಕು. ಬಗ್ಗುವುದು ಸೊಂಟಕ್ಕೆ ಒಳ್ಳೆಯದು.

ಕಳೆದ ಚಳಿಗಾಲದಲ್ಲಿ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಎಳ್ಳಮಾವಾಸ್ಯೆಗೆ ಮೂರು ದಿನ ಇರುವಾಗ, ಬಂಬ ಸೋರತೊಡಗಿತು.

ಬಂಬ ಎಂದರೆ ತಾಮ್ರದ, ಮಗುವಿನೆತ್ತರದ, ನೀರು ಕಾಯಿಸುವ ಪಾತ್ರೆ. ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತ ನೀರು, ಪಕ್ಕದಲ್ಲಿ ನಲ್ಲಿ. ನಮ್ಮ ಮನೆಯಲ್ಲಿ ಗೀಸರ್ ಇಲ್ಲವೆಂದಲ್ಲ. ಆದರೆ ಬಂಬ ನನ್ನ ಅತ್ತೆ ಜನಾಬಾಯಿಯವರು ಮಗಳ ಮದುವೆಯಲ್ಲಿ ಔರಾದದಿಂದ ಕಳಿಸಿದ್ದು. ಗೀಸರಿನ ನೀರಿನ ಬಗ್ಗೆ ಅತ್ತೆಯವರ ಅಭಿಪ್ರಾಯ ಒಂದೇ: "ಬಿಸಿ ಇರ್ತದ, ಕಾವು ಇರಂಗಿಲ್ಲ."

ನನ್ನ ಬಗ್ಗೆಯೂ ಅವರ ಅಭಿಪ್ರಾಯ ಒಂದೇ. ನಿಶ್ಚಯದ ದಿನ ನನ್ನ ಅಂಗೈ ಹಿಡಿದು, ಮಗುಚಿ, ಬದನೆಕಾಯಿ ಆರಿಸುವವರಂತೆ ಹೆಬ್ಬೆರಳಿನಿಂದ ಒತ್ತಿ ನೋಡಿ, ನೆರೆದವರೆಲ್ಲರ ಎದುರು ಹೇಳಿದ್ದರು: "ಹುಡುಗ ಚೊಲೊ ಓದ್ಯಾನ. ಕೈ ಮಾತ್ರ ಬೆಣ್ಣ್ಯಾಂಗ ಅವ. ಜನ್ಮದಾಗ ಒಂದು ಮೊಳಿ ಬಡಿದಿಲ್ಲ." ಇದಾಗಿ ಇಪ್ಪತ್ತೆರಡು ವರ್ಷ. ಅಂದಿನಿಂದ ನಾನು ಬಡಿದ ಮೊಳೆಗಳಿಗೆ ಲೆಕ್ಕವಿಲ್ಲ. ಅತ್ತೆ ಮಾತ್ರ ಬಂದಾಗಲೆಲ್ಲ ಮೊದಲು ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ.

"ಏನ್ರೀ, ಬಂಬ ಸೋರ್ಲಾಕತ್ತದ. ಉಸ್ಮಾನ ಮಿಯಾಗ ಕೊಟ್ಟು ಬರ್ರಿ," ಎಂದಳು ರಾಧಿಕಾ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ. (ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಯಲ್ಲೂ ಒಂದನೇ ಇಯತ್ತೆಯವರನ್ನು ಕರೆಯುವ ದನಿಯಲ್ಲೇ ಕರೆಯುತ್ತಾಳೆ.)

"ಯಾಕ? ಮನ್ಯಾಗ ಒಬ್ಬ ಮನುಷ್ಯಾ ಇಲ್ಲೇನು?"

"ಇದ್ದಾರ್ರಿ. ಅದಕೇ ಅಂಜಿಕಿ."

"ಒಂದು ಸೂಜಿ ತೂತದ ಸಲವಾಗಿ ಚೌಬಾರಾ ತನಕ ಹೋಗಬೇಕೇನು? ನಾನೇ ಮಾಡ್ತೇನಿ."

"ನೋಡ್ರಿ, ಅಮಾಸಿಗಿ ಅವ್ವನ ಕಡ್ಯಾವರು ಬರ್ತಾರ. ಹೊತ್ತು ಮೂಡೂದ್ರಾಗ ಎಂಟು ಮಂದಿ ಜಳಕಾ ಮುಗಿಸಿ ಹೊಲಕ್ಕ ಹೋಗಬೇಕು. ಬಂಬ ಕೆಟ್ರ ಅವ್ವ ನಿಮಗ ಏನೂ ಅನಂಗಿಲ್ಲ. ನಿಮ್ಮ ಕೈ ನೋಡ್ತಾಳ, ಅಷ್ಟೇ."

ಆ 'ಅಷ್ಟೇ' ನನ್ನ ಎದೆಗೆ ನಾಟಿತು. ಅಂದೇ ಬಂಬದ ನೀರು ಬಸಿದು ಯಂತ್ರಾಲಯಕ್ಕೆ ಉರುಳಿಸಿದೆ. ತೂತಿನ ಸುತ್ತ ಉಜ್ಜಿದೆ. ಕರಿದೊಂದು, ಬಿಳಿದೊಂದು ಮುದ್ದೆ ಕಲಸಿ ಹಚ್ಚುವ ಅಂಟು ಬರುತ್ತದಲ್ಲ, ಅದನ್ನು ಸಜ್ಜೆ ರೊಟ್ಟಿಯ ಹಿಟ್ಟಿನಂತೆ ನಾದಿ ಮೆತ್ತಿದೆ. ತೂತು ಸಾಸಿವೆ ಕಾಳಿನಷ್ಟಿತ್ತು. ಮೆತ್ತಿದ್ದು ಪೇರು ಹಣ್ಣಿನಷ್ಟಾಯಿತು. ಕೆಲಸ ಕಣ್ಣಿಗೆ ಕಾಣಬೇಕಲ್ಲ!

ಮರುದಿನ ಮುಟ್ಟಿ ನೋಡಿದರೆ ಅಂಟು ಇನ್ನೂ ಮೆತ್ತಗೆ. ಚಳಿ ಹಾಗಿತ್ತು. ಪೊಟ್ಟಣದ ಮೇಲೆ, ಬೆಚ್ಚಗಿನ ಜಾಗದಲ್ಲಿ ಬೇಗ ಗಟ್ಟಿಯಾಗುತ್ತದೆ ಎಂದು ಬರೆದಿತ್ತು. ಡಿಸೆಂಬರಿನ ಬೀದರಿನಲ್ಲಿ ಬೆಚ್ಚಗಿನ ಜಾಗ ಎಲ್ಲಿಂದ ತರಲಿ? ರಾಧಿಕಾ ಶಾಲೆಗೆ ಹೋದ ಮೇಲೆ ಚಹಾ ಕುಡಿಯುತ್ತ ಆಲೋಚಿಸಿದೆ. ಆಗ ಮಿಂಚು ಹೊಳೆಯಿತು. ಅಲ್ಲ, ಬಂಬವೇ ಒಂದು ಒಲೆ! ಅದರೊಳಗೇ ಬೆಂಕಿ ಹಾಕಿದರೆ ಅದನ್ನು ಅದೇ ಒಣಗಿಸಿಕೊಳ್ಳುವುದಿಲ್ಲವೇ? ಇಷ್ಟು ಸರಳ ವಿಚಾರ ಇಷ್ಟು ಶತಮಾನ ಯಾರ ತಲೆಗೂ ಹೋಗಿಲ್ಲವಲ್ಲ ಎಂದು ಬೆರಗಾದೆ. ಕೊಳವೆಗೆ ಎರಡು ತೆಕ್ಕೆ ತೊಗರಿ ಕಟ್ಟಿಗೆ ತುಂಬಿ ಕಡ್ಡಿ ಗೀರಿದೆ.

ಯಾರ ತಲೆಗೂ ಯಾಕೆ ಹೋಗಿರಲಿಲ್ಲ ಎಂಬುದು ಹತ್ತು ನಿಮಿಷದಲ್ಲಿ ತಿಳಿಯಿತು. ಮೊದಲು ಸುಟ್ಟ ರಬ್ಬರಿನ ವಾಸನೆ ಬಂತು. ಆಮೇಲೆ ಬಂಬದ ಮೈಯಿಂದ ಬೆಳ್ಳಿಯಂಥ ಹನಿಗಳು ಒಂದೊಂದಾಗಿ ಇಳಿದವು. ನೋಡಲು ಚೆಂದ ಇದ್ದವು, ಸುಳ್ಳು ಹೇಳುವುದಿಲ್ಲ. ಬಳಿಕ ನಲ್ಲಿ ಟಪ್ಪನೆ ಕಳಚಿ ನನ್ನ ಕಾಲಬುಡಕ್ಕೆ ಬಿತ್ತು. ಹಿಂದೆಯೇ ತಳದ ಪಟ್ಟಿ ಸಡಿಲಾಗಿ, ಬಂಬ ಮುದಿ ಎಮ್ಮೆಯಂತೆ ಒಂದು ಮಗ್ಗುಲಿಗೆ ಕೂತುಬಿಟ್ಟಿತು.

ಬಂಬಕ್ಕೆ ಮೊದಲು ನೀರು, ಆಮೇಲೆ ಬೆಂಕಿ. ಬೀದರ ಜಿಲ್ಲೆಯಲ್ಲಿ ಐದು ವರ್ಷದ ಕೂಸಿಗೂ ಇದು ಗೊತ್ತು. ನೀರು ಇದ್ದರಷ್ಟೇ ಬೆಸುಗೆ ಕರಗದೆ ಉಳಿಯುತ್ತದೆ. ನನಗೂ ಗೊತ್ತಿತ್ತು. ಆದರೆ ನಾನು ಆವತ್ತು ನೀರು ಕಾಯಿಸುತ್ತಿರಲಿಲ್ಲವಲ್ಲ, ಅಂಟು ಒಣಗಿಸುತ್ತಿದ್ದೆ. ಖಾತೆಯೇ ಬೇರೆ.

ಒಂದು ಸೂಜಿ ತೂತು ಇದ್ದಲ್ಲಿ ಈಗ ನಾಲ್ಕು ಬಾಯಿ. ಮರುದಿನ ಸಂಜೆ ಅತ್ತೆ ಬರುವವರು. ಬೆಂಕಿ ಆರಿಸಿ, ಬಂಬ ತಣ್ಣಗಾದ ಮೇಲೆ ಹಳೆಯ ಚಾದರ ಸುತ್ತಿ, ಆಟೋ ಹಿಡಿದು ಚೌಬಾರಾಕ್ಕೆ ಓಡಿದೆ. ಚಾದರ ಸುತ್ತಿದ್ದನ್ನು ಕಂಡು ಆಟೋದವ, "ದವಾಖಾನಿಗೇನ್ರಿ?" ಎಂದ.

ಉಸ್ಮಾನ ಮಿಯಾ ಅವರೆದುರು ನಾನು ಕೈಸನ್ನೆಯ ಮಹಾನಾಟಕವನ್ನೇ ಆಡಿದೆ. ಬೆಂಕಿಯ ಜ್ವಾಲೆ ಎಬ್ಬಿಸಿದೆ, ಹನಿಗಳಾಗಿ ಇಳಿದೆ, ನಲ್ಲಿಯಾಗಿ ಬಿದ್ದೆ. ಅವರು ಬಂಬ ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಂಬ ನೋಡಿದರು. ಯಾರಿಗೆ ಹೆಚ್ಚು ಪೆಟ್ಟಾಗಿದೆ ಎಂದು ತೂಗುತ್ತಿದ್ದಂತಿತ್ತು. ಆಮೇಲೆ ತಿದಿ ಒತ್ತಿ, ಇದ್ದಿಲು ಕೆಂಪಾಗಿಸಿ, ಕೆಲಸಕ್ಕೆ ಕೂತರು.

ಮಧ್ಯಾಹ್ನ ರಾಧಿಕಾಳ ಫೋನ್ ಬಂತು. ಉಸ್ಮಾನ ಮಿಯಾ ಆಗ ತಳದ ಪಟ್ಟಿಯನ್ನು ಟಣ್ ಟಣ್ ಎಂದು ಬಡಿಯುತ್ತಿದ್ದರು.

"ಎಲ್ಲಿದ್ದೀರಿ? ಏನು ಸಪ್ಪಳಾ ಅದು?"

"ಎಲ್ಲಿರ್ತೇನಿ? ಶೆಡ್ಡಿನ್ಯಾಗ. ಬಂಬ ಬಡೀಲಾಕತ್ತೇನಿ."

"ನೀವಾ? ಏಕದಮ್ ತಾಳದಾಗ ಬಡೀಲಾಕತ್ತೀರಿ?"

"ಮತ್ತ ಏನು ತಿಳಿದಿದ್ದಿ? ಕೆಲಸ ಮುಗೀಲಾಕ ಬಂದದ. ಇನ್ನು ಎರಡೇ ಪೆಟ್ಟು. ಕೇಳು ಬೇಕಾದ್ರ, ಜೋರ್ಲೆ ಹಾಕ್ತೇನಿ."

ಟಣ್! ಟಣ್!

ಎರಡೇ ಪೆಟ್ಟು. ಜೋರಾಗಿ. ಆಮೇಲೆ ಸುತ್ತಿಗೆ ನಿಂತಿತು. ನಾನು ಫೋನ್ ಇಟ್ಟು ನಿಧಾನವಾಗಿ ತಿರುಗಿದೆ. ಉಸ್ಮಾನ ಮಿಯಾ ಸುತ್ತಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಮುಂದಿನ ಅಪ್ಪಣೆಗೆ ಕಾದವರಂತೆ ನನ್ನನ್ನೇ ನೋಡುತ್ತಿದ್ದರು.

"ಮಿಯಾ... ನಿಮಗ ಕೇಳ್ಸತದೇನ್ರಿ?"

"ಬರೋಬರಿ ಕೇಳ್ಸತದ."

"ಮತ್ತ ಮೂರು ವರ್ಷ ಒಂದು ಮಾತೂ ಆಡಲಿಲ್ಲ?"

"ಸಂದಿ ಎಲ್ಲಿ ಸಿಕ್ತು ಸರ್? ನೀವು ನಿಂದ್ರಸ್ತೀರಿ ಅಂತ ಹಾದಿ ನೋಡಿದೆ."

ನನ್ನ ಮೂರು ವರ್ಷದ ಅಭಿನಯವೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. "ಹಂಗಾರ ಅವತ್ತು ನಾ ನಮ್ಮ ಮನಿಯವರ ಮುಂದ ಏನೋ ಅಂದಿದ್ದೆ..."

"ಆರು ತಿಂಗಳದಾಗ ತಯಾರ ಮಾಡೂ ಮಾತಾ? ಯಾವಾಗ ಸುರು ಮಾಡ್ತೀರಿ ಸರ್, ಹೇಳ್ರಿ. ನಾ ಖಾಲಿ ಇದ್ದೇನಿ."

ಪಕ್ಕದ ಅಂಗಡಿಯವರು ಸ್ಟೂಲಿನ ಸಮೇತ ಹಿಂದಕ್ಕೆ ಬೀಳುವಂತೆ ನಕ್ಕರು. ನಾನು ತಲೆ ತಗ್ಗಿಸಿ, ಈ ಸಂಗತಿ ಯಾರಿಗೂ ಹೇಳಬೇಡಿ ಎಂದು ಕೈಮುಗಿದೆ. ಉಸ್ಮಾನ ಮಿಯಾ ನಲ್ಲಿ ಕೂರಿಸಿ, ನೀರು ತುಂಬಿ, ಒಂದು ಹನಿಯೂ ಸೋರದ್ದನ್ನು ತೋರಿಸಿ, ಕೊನೆಗೆ ಒಂದು ಸಣ್ಣ ಉಳಿ ತೆಗೆದು ನಲ್ಲಿಯ ಕೆಳಗೆ ಟಿಕ್ ಟಿಕ್ ಟಿಕ್ ಎಂದು ಮೂರು ಚುಕ್ಕಿ ಹೊಡೆದರು. ಅಲ್ಲೇ ಪಕ್ಕದಲ್ಲಿ ಸವೆದ ಮೂರು ಹಳೆಯ ಚುಕ್ಕಿಗಳಿದ್ದವು. ಬೆಸುಗೆ ಗಟ್ಟಿಯಾಗಿದೆಯೋ ಇಲ್ಲವೋ ನೋಡುವ ಕ್ರಮವಿರಬೇಕು ಎಂದುಕೊಂಡೆ. (ಕೋಟೆಯ ಶಿಲಾಶಾಸನಗಳ ಬಗ್ಗೆ ನಾನು ಎರಡು ಲೇಖನ ಬರೆದಿದ್ದೇನೆ. ಇರಲಿ.)

ರಾಧಿಕಾ ಶಾಲೆಯಿಂದ ಬರುವ ಹೊತ್ತಿಗೆ ಬಂಬ ಬಚ್ಚಲಲ್ಲಿ, ನಾನು ಅದರ ಪಕ್ಕದಲ್ಲಿ, ಮುಖಕ್ಕೆ ಮಸಿ ಹಚ್ಚಿಕೊಂಡು ನಿಂತಿದ್ದೆ.

ಅಮಾವಾಸ್ಯೆಯ ನಸುಕಿನಲ್ಲಿ ಬಂಬ ಬುಸುಗುಟ್ಟಿತು. ನೀರು ಮೊದಲು ಹಾಕಿದ್ದೆ; ಎರಡು ಸಲ ನೋಡಿಯೂ ಇದ್ದೆ. ಎಂಟು ಮಂದಿಯ ಜಳಕ ಹೊಗೆಯಾಡುವ ನೀರಿನಲ್ಲಿ ಮುಗಿಯಿತು. ಕಡೆಗೆ ಅತ್ತೆ ಬಚ್ಚಲಿಂದ ಹೊರಬಂದವರು, ತಲೆಗೆ ಟವೆಲ್ ಸುತ್ತಿಕೊಂಡೇ ಮತ್ತೆ ಒಳಗೆ ಹೋಗಿ ಬಂಬದ ಎದುರು ಕುಕ್ಕರಗಾಲಲ್ಲಿ ಕೂತರು. ಮೈ ಸವರಿದರು. ನಲ್ಲಿ ತಿರುವಿದರು. ನಲ್ಲಿಯ ಕೆಳಗೆ ಅವರ ಹೆಬ್ಬೆರಳು ಒಂದು ಗಳಿಗೆ ನಿಂತಿತು.

"ಇದು ನೀವೇ ಮಾಡೀರೇನ್ರಿ ಅಳಿಯಾಂದ್ರ?"

"ಹೂಂ ಅತ್ತಿ. ಏನು ಮಹಾ? ಕೈಗೆ ರೂಢಿ ಆಗ್ಯದ."

ಅತ್ತೆ ಎದ್ದು ಬಂದು ನನ್ನ ಅಂಗೈ ಹಿಡಿದರು. ಮಗುಚಿದರು. ಒತ್ತಿದರು. "ಅಯ್ಯ ಶಿವನ! ಇಪ್ಪತ್ತೆರಡು ವರ್ಷ ನಾ ಸುಳ್ಳೇ ಅಂದೆ. ಇದು ಕಾರೀಗರನ ಕೈ!"

ಆ ದಿನ ಹೊಲದಲ್ಲಿ ಭಜ್ಜಿ, ಸಜ್ಜೆ ಕಡಬು, ಅಂಬಲಿಗಳ ಮುಂದೆ ಕೂತ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ತಟ್ಟೆ ಕಾಣಿಸುತ್ತಿರಲಿಲ್ಲ. ಔರಾದದಿಂದ ಬಂದ ಒಬ್ಬೊಬ್ಬರನ್ನೂ ಕರೆದು ಅತ್ತೆ ನನ್ನ ಕೈ ತೋರಿಸಿದರು. ನಾನೂ ಚಾಚಿದೆ. ರಾಧಿಕಾ ಮಾತ್ರ ಅಂಬಲಿ ಕುಡಿಯುತ್ತ ಯಾಕೋ ನಾಲ್ಕು ಸಲ ಕೆಮ್ಮಿದಳು.

ಮುಂದಿನ ವಾರ ನಮ್ಮ ಮನೆಯೆದುರು ಔರಾದದ ಟೆಂಪೋ ಬಂದು ನಿಂತಿತು. ಅದರಿಂದ ನಾಲ್ಕು ಬಂಬಗಳು ಇಳಿದವು. ಒಂದಕ್ಕೆ ತಳವಿಲ್ಲ, ಒಂದಕ್ಕೆ ನಲ್ಲಿಯಿಲ್ಲ, ಉಳಿದೆರಡು ಜರಡಿ. ಹಿಂದೆಯೇ ಅತ್ತೆಯ ಫೋನ್: "ಅಳಿಯಾಂದ್ರ, ನಮ್ಮ ಓಣ್ಯಾನವು ಅವ. ಹೊರಗ ಕೊಡಬ್ಯಾಡ್ರಿ ಅಂದೆ. ನಮ್ಮ ಅಳಿಯಾಂದ್ರ ಇರೂವಾಗ ಹೊರಗ್ಯಾಕ? ಜಲ್ದಿ ಏನಿಲ್ಲ, ಸಂಕ್ರಾಂತಿ ಒಳಗ ಆದ್ರ ಸಾಕು."

ಎರಡು ಆಟೋ ಬೇಕಾದವು. ಚೌಬಾರಾದ ಗಲ್ಲಿಯಲ್ಲಿ ನಾನು ನಾಲ್ಕೂ ಬಂಬಗಳನ್ನು ಒಂದೊಂದಾಗಿ ತಬ್ಬಿಕೊಂಡು ಇಳಿಸುವಾಗ ಪಕ್ಕದ ಅಂಗಡಿಯವರು ಸ್ಟೂಲು ಒರೆಸಿಕೊಳ್ಳುತ್ತಿದ್ದರು. ಔರಾದದಿಂದ ನಮ್ಮ ಅತ್ತೆ ಕಳಿಸಿದ್ದು ಎಂದೆ. ಉಸ್ಮಾನ ಮಿಯಾ ಒಂದೊಂದನ್ನೇ ಬೆಳಕಿಗೆ ತಿರುಗಿಸಿದರು. ಆಗ ನಾನೂ ನೋಡಿದೆ. ನಾಲ್ಕರ ಮೈಮೇಲೂ, ನಲ್ಲಿಯ ಕೆಳಗೆ, ಸವೆದ ಮೂರು ಚುಕ್ಕಿ.

"ಇದು ಏನ್ರಿ ಮಿಯಾ?"

"ನಮ್ಮ ಅಬ್ಬಾನ ಗುರ್ತು. ಈಗ ನನ್ನದೂ ಅದೇ. ಔರಾದದ ಬಂಬ ಎಲ್ಲಾ ನಮ್ಮ ಅಂಗಡೀದೇ ಅವ."

ನಲ್ಲಿಯ ಕೆಳಗೆ ಒಂದು ಗಳಿಗೆ ನಿಂತಿದ್ದ ಅತ್ತೆಯ ಹೆಬ್ಬೆರಳು ನೆನಪಾಯಿತು. ಆದರೂ ಹೊಲದಲ್ಲಿ ಅಷ್ಟು ಮಂದಿಯೆದುರು ಅತ್ತೆ ನನ್ನ ಕೈ ಎತ್ತಿ ತೋರಿಸಿದ್ದು ಸುಳ್ಳಾಗಲು ಸಾಧ್ಯವಿಲ್ಲ ಎನ್ನಿಸಿತು. ಧೈರ್ಯ ತಂದುಕೊಂಡು ಕೇಳಿಯೇಬಿಟ್ಟೆ.

"ಆದ್ರ ಮಿಯಾ, ಬಂಬ ನಾ ಮಾಡಿದ್ದಲ್ಲ ಅಂತ ನಮ್ಮ ಅತ್ತಿಯವರಿಗೆ ಗೊತ್ತಾಗಿರಲಿಕ್ಕಿಲ್ಲ, ಅಲ್ರಿ?"

ಉಸ್ಮಾನ ಮಿಯಾ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ.

"ಗೊತ್ತಾಗಿದ್ದಕೇ ನಾಕು ಬಂಬ ಕಳಿಸ್ಯಾರ ಸರ್. ಇಲ್ಲಾಂದ್ರ ನಿಮ್ಮ ಕೈಯಾಗ ಒಂದು ಚಮಚಾನೂ ಕೊಡ್ತಿದ್ದಿಲ್ಲ."