ಇವತ್ತೇನು ಪಲ್ಯ?

ಇದನ್ನು ಬರೆಯಲು ಕೂತಾಗಲೆಲ್ಲ ಕನ್ನಡಕ ಒರೆಸಿ, ಚಹಾ ಕುಡಿದು, ನಾಳೆ ಬರೆದರಾಯಿತೆಂದು ಎದ್ದಿದ್ದೇನೆ. ಇವತ್ತು ಚಹಾಪುಡಿ ಮುಗಿದಿದೆ, ನೆಪವೂ ಮುಗಿದಿದೆ. ಕೇಳಿ: ದೇವದುರ್ಗದಿಂದ ಮಾನ್ವಿಯವರೆಗೆ ಯಾರ ಮನೆಯಲ್ಲಿ ಯಾವ ಪಲ್ಯ ಬೆಂದಿದೆ ಎಂದು ಬಲ್ಲವನು ಭೂಮಿಯ ಮೇಲೆ ಒಬ್ಬನೇ. ಅವನು ನನ್ನ ದೊಡ್ಡಪ್ಪನ ಮಗ!

ಆಗ ನಾನು ನಮ್ಮೂರ ಗ್ರಾಮ ಅರಣ್ಯ ಸಮಿತಿಯ ಅಧ್ಯಕ್ಷ, ಅಣ್ಣ ಬರೀ ಸದಸ್ಯ. ಸುತ್ತಲಿನ ಊರುಗಳ ಸಮಿತಿಗಳು ಒಂದಕ್ಕೊಂದು ಸಂಪರ್ಕದಲ್ಲಿರಬೇಕೆಂದು ರಾಯಚೂರಿನ ಸಭೆಯಲ್ಲಿ ಅರಣ್ಯ ಇಲಾಖೆಯ ಸಾಹೇಬರು ಹೇಳಿದರು. ಮೆಟ್ರಿಕ್ ಪಾಸಾದ ನಾನು ಸುಮ್ಮನಿರುತ್ತೇನೆಯೇ? ವಾಟ್ಸಾಪ್ ಗುಂಪು ಮಾಡಿದೆ. ಅದರಲ್ಲಿ ದಿನಾ ಬೆಳಿಗ್ಗೆ ಗುಲಾಬಿಗಳು ಅರಳಿದವು, ಬೇರೇನೂ ಬೆಳೆಯಲಿಲ್ಲ. ಅಣ್ಣನ ದಾರಿಯೇ ಬೇರೆ. ಉಣ್ಣುವ ಹೊತ್ತಿಗೆ ಊರೂರಿನ ಸಮಿತಿಯವರಿಗೆ ಫೋನ್ ಹಚ್ಚುತ್ತಿದ್ದ: "ಬೀಗ್ರ, ಊಟ ಆತೇನ್ರಿ? ಏನ್ ಪಲ್ಯ?" ಅಷ್ಟೇ!

"ಅಡವಿ ಸುದ್ದಿ ಬಿಟ್ಟು ಪಲ್ಯದ ಸುದ್ದಿ ಕೇಳ್ತಿಯಲ್ಲೋ ಯಣ್ಣಾ!" ಎಂದು ರೇಗಿದೆ.

"ಅಡವಿ ಎಲ್ಲಿ ಹೋಗ್ತದಲೇ? ಅಲ್ಲೇ ನಿಂತಿರ್ತದ. ಪಲ್ಯ ಆರಿ ಹೋಗ್ತದ."

ಒಮ್ಮೆ ನಮ್ಮ ಮೇಕೆಗಳು ಮಾನ್ವಿ ಕಡೆಯ ಊರಿನ ಗುಡ್ಡಕ್ಕೆ ನುಗ್ಗಿದವು. ಅವರು ಕಟ್ಟಿಹಾಕಿದರು. ನಾನು ಬಸ್ಸಿನುದ್ದಕ್ಕೂ ಭಾಷಣ ಬಾಯಿಪಾಠ ಮಾಡಿಕೊಂಡು ಹೋದೆ. ಜೊತೆಗೆ ಬಂದಿದ್ದ ಅಣ್ಣ ಮುಂದೆ ಹೋಗಿ ಅಲ್ಲಿನ ಅಧ್ಯಕ್ಷರನ್ನು, "ಮೊನ್ನಿ ಪುಂಡಿಪಲ್ಯ ತಿಂದು ಹೊಟ್ಟಿ ನೂಸಾಕತ್ತಿತ್ತಲ್ರಿ, ಹೆಂಗದ ಈಗ?" ಎಂದು ಕೇಳಿದ. ಮೇಕೆಗಳು ಬಿಡುಗಡೆಯಾದವು! ನನ್ನ ಭಾಷಣ? ಹೊಟ್ಟೆಯಲ್ಲೇ ಉಳಿದು ನನಗೇ ನೋವು ಶುರುವಾಯಿತು.

ನನಗೂ ದಿನಾ ಫೋನ್ ಬರುತ್ತಿತ್ತು. ಇಬ್ಬರ ಮನೆಗಳ ನಡುವೆ ಒಂದೇ ಗೋಡೆ, ಆದರೂ ಫೋನು!

ಒಂದು ಬೇಸಿಗೆಯ ಮಧ್ಯಾಹ್ನ ನಾನು ರಾಯಚೂರಿನ ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಅಣ್ಣನ ಫೋನು ಬಂತು. ಬದನೆಕಾಯಿ ಎಣ್ಣೆಗಾಯಿಯ ವರದಿ ಯಾರು ಒಪ್ಪಿಸುತ್ತಾರೆ? ಫೋನನ್ನು ಬೋರಲು ಹಾಕಿದೆ. ಮತ್ತೆ ಬಂತು, ಮತ್ತೆ ಬಂತು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನಮ್ಮ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು.

ಮಾನ್ವಿ ಕಡೆಯವರು ಟ್ರ್ಯಾಕ್ಟರ್‌ನಲ್ಲಿ ಬಂದು, ಹಸಿ ಟೊಂಗೆಗಳಿಂದ ಬಡಿದು ಬೆಂಕಿ ಆರಿಸಿದರು. ಸೀತಾಫಲದ ಇಳಿಜಾರು ಉಳಿಯಿತು. ಅವರ ಅಧ್ಯಕ್ಷರು ಆಮೇಲೆ ಹೇಳಿದರು: "ಅಂವ 'ಬೀಗ್ರ, ಗುಡ್ಡ' ಅಂದ ಅಷ್ಟರಿ. ಪಲ್ಯ ಕೇಳ್ಲಿಲ್ಲ. ತಾಟು ಬಿಟ್ಟು ಎದ್ದ್ವಿ."

ಮುಂದಿನ ಸಭೆಯಲ್ಲಿ ಸಾಹೇಬರು, "ಅಧ್ಯಕ್ಷರು ಎಲ್ಲಿದ್ರಿ?" ಎಂದರು.

"ನನಗ ಫೋನೇ ಬರ್ಲಿಲ್ಲರಿ," ಎಂದೆ.

ಮೂಲೆಯಲ್ಲಿ ಅಣ್ಣ ಕೂತಿದ್ದ. ಮೀಸೆ ಒಂದು ಕಡೆ ಸುಟ್ಟು, ಅರ್ಧ ಮೀಸೆಯ ಮನುಷ್ಯನಾಗಿದ್ದ. ನನ್ನತ್ತ ಒಮ್ಮೆ ನೋಡಿ ಎದ್ದುನಿಂತ.

"ಖರೇ ಅದರಿ ಸಾಹೇಬ್ರ. ಗಡಿಬಿಡ್ಯಾಗ ಇವನಿಗಿ ಹಚ್ಚೋದು ಮರ್ತೆ. ತಪ್ಪು ನಂದ."

ಸಾಹೇಬರು ಎಲ್ಲರೆದುರು ಅವನನ್ನು ಬೈದರು. ನಾನು ಜೇಬಿನ ಫೋನನ್ನು ಒತ್ತಿ ಹಿಡಿದು ಕೂತಿದ್ದೆ.

ಮೀಸೆ ಬೆಳೆಯಿತು, ಗುಡ್ಡವೂ ಚಿಗುರಿತು. ಅಣ್ಣ ಜಗಳವಾಡಲಿಲ್ಲ, ಹಬ್ಬಕ್ಕೆ ಕರೆಯುವುದನ್ನೂ ಬಿಡಲಿಲ್ಲ. ಆದರೆ ಮಧ್ಯಾಹ್ನ ನನಗೆ ಫೋನ್ ಮಾಡುವುದನ್ನು ಮಾತ್ರ ಬಿಟ್ಟ. ಗೋಡೆಯಾಚೆಯಿಂದ ಇಂದಿಗೂ ಕೇಳುತ್ತದೆ: "ಬೀಗ್ರ, ಏನ್ ಪಲ್ಯ?" ಊರೂರಿನವರೆಲ್ಲ ಉತ್ತರ ಕೊಡುತ್ತಾರೆ. ನನ್ನ ತಾಟಿನಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ.

ಇವತ್ತು ನಾನೇ ಹಚ್ಚಿದೆ. ಗೋಡೆಯಾಚೆ ಫೋನು ರಿಂಗಾಯಿತು, ಅಣ್ಣ ಎತ್ತಿದ. "ಹಲೋ" ಎಂದ. ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ:

"ಅಮರಪ್ಪಣ್ಣಾ... ಊಟ ಆತೇನು?"