‘ಇಲ್ರಿ’ ಅಂದರೆ ಸತ್ತಳು ಅಂತಲ್ಲ

ಮಕ್ಕಳ ಹಾಜರಿ ಹಾಕುವ ಮಾಸ್ತರನ ಕೈಗೆ ಊರಿನ ಮತದಾರರ ಪಟ್ಟಿಯನ್ನೂ ಕೊಟ್ಟರೆ ಇಂಥವು ನಡೆಯುತ್ತಲೇ ಇರುತ್ತವೆ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕುಗಳಲ್ಲಿ ಪಾಠ ಮಾಡಿದ್ದೇನೆ. ಪಟ್ಟಿ ಹಿಡಿದು ಮನೆಮನೆ ಸುತ್ತುವ ಬಿಎಲ್‌ಒ ಕೆಲಸವನ್ನೂ ಮೂರು ಕಡೆ ಮಾಡಿದ್ದೇನೆ. ಇದು ಯಾವ ತಾಲೂಕಿನ ಕಥೆ ಅಂತ ಮಾತ್ರ ಕೇಳಬೇಡಿ, ನಾನಿನ್ನೂ ನೌಕರಿಯಲ್ಲಿದ್ದೇನೆ.

೧. ಎರಡಕ್ಷರ

ಹತ್ತಿ ಬಿಡಿಸುವ ಕಾಲ. ಒಂದು ಮನೆಯ ಬಾಗಿಲಲ್ಲಿ ನಿಂತು, "ನಿಮ್ಮತ್ತಿ ಅದಾರೇನ್ರಿ?" ಎಂದು ಸೊಸೆಯನ್ನು ಕೇಳಿದೆ.

"ಇಲ್ರಿ, ಹೊಲಕ್ಕ ಹೋಗ್ಯಾರ."

ಇನ್ನೊಮ್ಮೆ ಬಂದರಾಯಿತೆಂದು ಷರಾ ಕಾಲಂನಲ್ಲಿ ಪೆನ್ಸಿಲಿನಿಂದ ‘ಇಲ್ಲ’ ಎಂದು ಬರೆದುಕೊಂಡೆ. ಮರುದಿನವೇ ಮೇಲಿನವರು ಪಟ್ಟಿ ತರಿಸಿಕೊಂಡರು. "ಇನ್ನೂ ಅರ್ಧ ಊರು ಉಳದಾದ್ರಿ" ಅಂದೆ. "ಮೊದಲು ಕೊಡ್ರಿ, ಆಮ್ಯಾಗ ನೋಡೋಣ" ಅಂದರು. ಯಾರೂ ನೋಡಲಿಲ್ಲ. ಕರಡು ಪಟ್ಟಿ ಬಂದಾಗ ಆ ಅತ್ತೆ ‘ಮೃತ’ರಾಗಿದ್ದರು.

ಎಂಬತ್ತು ದಾಟಿದ ಆ ಅಜ್ಜಿ, ಊರಿಗೆಲ್ಲ ಆಯಿ, ಸೀದಾ ಶಾಲೆಗೇ ಬಂದಳು.

"ಏನೋ ಮಾಸ್ತರಾ, ನಾ ಸತ್ತೇನಂತಲ್ಲ? ವೋಟ್ ಐತಂತ ಮೆಂಬರ್ ನಮ್ಮ ಓಣಿಗಿ ಬರ್ತಾನ. ಅದೂ ಹೋದ್ರ ನಳದ ನೀರು ನಿಂತಾಗ ನನ್ನ ಮಾತು ಯಾರು ಕೇಳ್ತಾರೋ?"

ನನಗೆ ತಲೆ ಎತ್ತಲಾಗಲಿಲ್ಲ. "ಹೆಸರು ತಿರುಗಿ ಹಚ್ಚತೇನಿ ಆಯಿ" ಅಂದೆ.

"ಹಚ್ಚು. ಇಲ್ಲಂದ್ರ ತಿಥಿ ಊಟಾರ ಹಾಕಸು."

೨. ಹೆಬ್ಬೆರಳು

ನಮ್ಮ ಮೇಲ್ವಿಚಾರಣೆಗೆಂದು ಒಂದು ವಾಟ್ಸಾಪ್ ಗುಂಪಿದೆ. ಬೆಳಗಾದರೆ ‘ಎಷ್ಟು ಶೇಕಡಾ ಆಯಿತು?’, ಸಂಜೆಯಾದರೆ ‘ಯಾಕೆ ಆಗಿಲ್ಲ?’ ಕೆಲಸ ಹೇಗೆ ಮಾಡಬೇಕೆಂದು ಕಲಿಸಿದವರಿಲ್ಲ. ತಪ್ಪಾದರೆ ಯಾರಿಗೆ ಫೋನ್ ಮಾಡಬೇಕೆಂದು ಹೇಳಿದವರೂ ಇಲ್ಲ. ಲೆಕ್ಕ ಕೇಳುವುದನ್ನೇ ಉಸ್ತುವಾರಿ ಅಂದುಕೊಂಡ ಈ ಮಂದಿಯನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ಹೆಸರು ತೆಗೆಯುವ ಮುಂಚೆ ಒಬ್ಬರು, ಒಬ್ಬರೇ ಒಬ್ಬರು, ಬಂದು ಆ ಮನೆಯ ಬಾಗಿಲು ಬಡಿದಿದ್ದರೆ ಸಾಕಿತ್ತು. ಆಯಿಯೇ ಬಂದು ಬಾಗಿಲು ತೆಗೆಯುತ್ತಿದ್ದಳು.

ಸಿಟ್ಟು ತಡೆದುಕೊಂಡು, ‘ಸರ್, ಬದುಕಿದ್ದವರ ಹೆಸರು ತೆಗೆದಿದ್ದಾರೆ, ಏನು ಮಾಡಲಿ?’ ಎಂದು ಗುಂಪಿನಲ್ಲಿ ಹಾಕಿದೆ. ಐದು ನಿಮಿಷದಲ್ಲಿ ಹನ್ನೊಂದು ಹೆಬ್ಬೆರಳು ಬಂದವು. ಮೇಲ್ವಿಚಾರಕರು ಹೆಬ್ಬೆರಳಿನ ಜೊತೆ ಒಂದು ಗುಲಾಬಿಯನ್ನೂ ಕಳಿಸಿದರು.

೩. ಸತ್ತವರ ಕಾರ್ಡು

ಆಯಿಯನ್ನು ಬಸ್ಸಿನಲ್ಲಿ ತಾಲೂಕಿಗೆ ಕರೆದುಕೊಂಡು ಹೋದೆ. ಮೊದಲ ಸಲ ಫೋಟೋ ಸರಿಯಿಲ್ಲ ಅಂದರು, ಎರಡನೇ ಸಲ ನೆಟ್ ಇರಲಿಲ್ಲ. ಮೂರನೇ ಸಲ ಗುಮಾಸ್ತ, "ಹೊಸ ಮತದಾರ ಅಂತ ಅರ್ಜಿ ಹಾಕ್ರಿ" ಎಂದ.

"ಆಕಿ ಹೊಸಬಳಲ್ರಿ. ತಪ್ಪು ನಮ್ಮದು, ತಿದ್ದರಿ. ಹಳೇ ಕಾರ್ಡ್ ಇಲ್ಲೇ ಐತಿ ನೋಡ್ರಿ."

ಆತ ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿ ವಾಪಸ್ ಕೊಟ್ಟ. "ಇದು ಸತ್ತವರ ಕಾರ್ಡ್ರಿ. ಬದುಕಿದವರಿಗೆ ನಡಿಯಂಗಿಲ್ಲ."

ನಾನು ಮೇಜು ಗುದ್ದಿದೆ. ಪ್ರಯೋಜನವಾಗಲಿಲ್ಲ. ಆತ ಹೊಸ ಅರ್ಜಿ ತೆಗೆದು, "ತಂದಿ ವೋಟರ್ ನಂಬರ್ ಹೇಳಬೇ ಆಯಿ" ಎಂದ.

"ನಮ್ಮಪ್ಪ ನಿಜಾಮನ ಕಾಲದಾಗ ಸತ್ತಾನೋ ತಮ್ಮಾ. ನಿಮ್ಮ ಕಂಪ್ಯೂಟರದಾಗ ನೋಡು, ಅಂವ ಬದುಕಿದ್ರೂ ಬದುಕಿರಬೇಕು."

೪. ಯುವ ಮತದಾರಳು

ಅಂತೂ ಹೆಸರು ಬಂತು. ಜನವರಿಯಲ್ಲಿ ಮತದಾರರ ದಿನಕ್ಕೆ ಹೊಸ ಮತದಾರರಿಗೆಲ್ಲ ಸನ್ಮಾನ. ಕಂಪ್ಯೂಟರ್ ಕೊಟ್ಟ ಪಟ್ಟಿಯನ್ನು ಯಾರೂ ಓದಿ ನೋಡಿರಲಿಲ್ಲ, ಅದರಲ್ಲಿ ಆಯಿಯೂ ಇದ್ದಳು. ಕಾಲೇಜು ಹುಡುಗಿಯರ ನಡುವೆ ಕೂರಿಸಿ, ಸೆರಗಿಗೆ ಬಿಲ್ಲೆ ಸಿಕ್ಕಿಸಿದರು. ಮೇಲಿನಿಂದ ಬಂದ ಸಾಹೇಬರು ಕಾಗದದಿಂದ ತಲೆ ಎತ್ತದೆ ಭಾಷಣ ಓದಿದರು: "ಯುವಜನರೇ, ನಿಮ್ಮ ಮುಂದೆ ಇಡೀ ಬದುಕಿದೆ." ನಾನು ಹಿಂದಿನ ಸಾಲಿನಲ್ಲಿ ಹಲ್ಲು ಕಡಿಯುತ್ತ ಕೂತಿದ್ದೆ.

ಕೊನೆಗೆ ಮೈಕು ಆಯಿಯ ಮುಂದೆ ಬಂತು. ಸಾಹೇಬರು ಆಗ ತಲೆ ಎತ್ತಿ ನೋಡಿದರು, ತಡವರಿಸಿದರು. ಆದರೂ ಕೇಳಿದರು: "ಹೊಸ ಮತದಾರರಾಗಿ ಹೇಗನಿಸುತ್ತಿದೆ?"

ಆಯಿ ಮೈಕನ್ನು ಎರಡೂ ಕೈಯಿಂದ ಹಿಡಿದಳು.

"ಸಾಯೋದೇನೋ ಸಸಾರ ಆತ್ರಿ ಸಾಹೇಬ್ರ, ನನಗ ಗೊತ್ತೇ ಆಗಲಿಲ್ಲ. ತಿರುಗಿ ಹುಟ್ಟಾಕ ಮಾತ್ರ ಮೂರು ಸಲ ಬಸ್ ಹತ್ತಿದೆ ನೋಡ್ರಿ."