ಹಿಮದ ಸಮುದ್ರದಲ್ಲಿ ತಿಪ್ಪವ್ವನ ಮನೆ

೨೦೦೯ರ ಫೆಬ್ರುವರಿ ೧೭, ಮಂಗಳವಾರ, ಬೆಳಿಗ್ಗೆ ೧೦ ಗಂಟೆ ೪೦ ನಿಮಿಷ. ಸಿಂದಗಿಯ ಮನೆ ಸರ್ವೆ ಕಚೇರಿಯ ಕಂಪ್ಯೂಟರಿನಲ್ಲಿ ನಕಾಶೆ ತೆರೆದುಕೊಂಡಿತು. ಸಿದ್ದಾರೂಢ ಹಳ್ಳಿ ಹಳ್ಳಿ ತಿರುಗಿ ಫೋಟೊ ತೆಗೆದಿದ್ದ ನಲವತ್ಮೂರು ಮನೆಗಳೂ ಉತ್ತರ ಧ್ರುವದ ಹತ್ತಿರದ ಸಮುದ್ರದಲ್ಲಿ ಚುರಮುರಿ ಚೆಲ್ಲಿದಂತೆ ಬಿದ್ದಿದ್ದವು.

“ಸಿದ್ದಣ್ಣಾ, ಫೋಟೊ ತಗಿಯಾಕ ಹಡಗಿನ್ಯಾಗ ಹೋಗಿದ್ದೇನು?” ಪಕ್ಕದ ಮೇಜಿನ ದುಂಡೇಶ ಕೂಗಿದ. ಹೊರಗೆ ಚಹಾ ಕುಡಿಯುತ್ತಿದ್ದವರೆಲ್ಲ ಒಳಗೆ ಬಂದು ಪರದೆಗೆ ಮುಖ ಹಚ್ಚಿದರು.

ಇಂಡಿ ತಾಲೂಕಿನ ಗಡಿಗೆ ಹತ್ತಿದ ವಸ್ತಿಯಿಂದ ಬಂದಿದ್ದ ತಿಪ್ಪವ್ವ ಬಾಗಿಲಲ್ಲಿ ಕುಳಿತಿದ್ದಳು. ಸರಕಾರದ ಹಣದಲ್ಲಿ ಕಟ್ಟುತ್ತಿದ್ದ ಅವಳ ಹೊಸ ಮನೆಗೆ ಗೋಡೆಗಳು ಎದ್ದಿದ್ದವು. ಸಂಜೆ ಐದರೊಳಗೆ ಸಿಂದಗಿ ತಾಲೂಕಿನ ನಕಾಶೆಯಲ್ಲಿ ಕಾಣದ ಮನೆಗೆ ಚಾವಣಿಯ ಹಣ ಮಂಜೂರಾಗುತ್ತಿರಲಿಲ್ಲ.

“ನನ್ನ ಮನಿ ಎಲ್ಲೈತೋ ತಮ್ಮಾ?”

“ಸ್ವಲ್ಪ ಥಂಡಿ ಜಾಗಾದಾಗ ಐತಿ ಆಯಿ,” ಎಂದ ಸಿದ್ದಾರೂಢ.

“ಛಲೋ ಆತು ಬಿಡು. ಇಲ್ಲಿ ಬಿಸಲು ಸಾಕಾಗೇತಿ.”

ಸಿದ್ದಾರೂಢ ಕ್ಯಾಮೆರಾದ ಕಾರ್ಡು ತೆಗೆದು ಟವೆಲ್ಲಿನಿಂದ ಒರೆಸಿ ಮತ್ತೆ ಹಾಕಿದ. ಮನೆಗಳು ಸಮುದ್ರ ಬಿಟ್ಟು ಕದಲಲಿಲ್ಲ.

“ಕಂಪ್ಯೂಟರ್ ಉತ್ತರಕ್ಕ ಮಾರಿ ಮಾಡೇತಿ. ಅದಕ್ಕ ಎಲ್ಲಾ ಉತ್ತರಕ್ಕ ಹೊಂಟಾವು,” ಎಂದ ದುಂಡೇಶ, ಯಾರೂ ಕೇಳದಿದ್ದರೂ ಮೇಜು ತಿರುಗಿಸಿದ. ಪ್ಲಗ್ಗು ಕಳಚಿ, ಬೆಳಿಗ್ಗೆಯಿಂದ ಟೈಪು ಮಾಡಿದ್ದೆಲ್ಲ ಅಳಿಸಿಹೋಯಿತು.

ಕೊನೆಗೆ ಎಂಜಿನಿಯರ್ ರಾಜೇಶ್ವರಿ ಮೇಡಂ, ಸಿದ್ದಾರೂಢ ಪ್ರತಿ ಮನೆಯ ಜಾಗದ ಅಂಕಿ ಬರೆದುಕೊಂಡಿದ್ದ ವಹಿ ತರಿಸಿ ನೋಡಿದರು. ಈ ಕೆಲಸಕ್ಕೆ ಬರುವ ಮೊದಲು ಸಿದ್ದಾರೂಢ ಹನ್ನೊಂದು ವರ್ಷ ಹೊಲಗಳ ಖರೀದಿ ಪತ್ರ ಬರೆದವನು. ಹೊಲದ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯಲ್ಲಿ ಮೊದಲು ಪೂರ್ವ, ಉತ್ತರದ ಪಾಳಿ ಆಮೇಲೆ. ಕೈ ಆ ರೂಢಿಯನ್ನೇ ಹಿಡಿದು, ಪೂರ್ವದ ಎಪ್ಪತ್ತಾರು ಡಿಗ್ರಿಯನ್ನು ಉತ್ತರದ ಕಾಲಮ್ಮಿನಲ್ಲಿ ಬರೆದಿತ್ತು.

“ಇದು ಖರೀದಿ ಪತ್ರ ಅಲ್ರಿ ಸಿದ್ದಾರೂಢ,” ಎಂದರು ಮೇಡಂ. ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ನೋವಾಯಿತು.

ಅಂಕಿಗಳನ್ನು ಅದಲುಬದಲು ಮಾಡಿ ಮತ್ತೆ ಟೈಪು ಮಾಡಿದಾಗ ನಲವತ್ತೆರಡು ಮನೆಗಳು ಮೇಯಲು ಹೋದ ದನಗಳಂತೆ ಸಿಂದಗಿಗೆ ಮರಳಿದವು. ತಿಪ್ಪವ್ವನ ಮನೆಯೊಂದು ಮಾತ್ರ ಗಡಿಯ ಹಳ್ಳ ದಾಟಿ ಇಂಡಿ ತಾಲೂಕಿನಲ್ಲಿ ನಿಂತಿತ್ತು.

“ಆಯಿ, ನಿನ್ನ ಮನಿ ಇಂಡ್ಯಾಗ ಐತೇನು?”

“ಯಾಂವ ಹೇಳ್ದಾಂವ? ಮನಿ ಹಳ್ಳದ ಈ ಕಡಿ ಐತಿ. ಪೂರಾ ಮನಿ ಫೋಟೊದಾಗ ಬರವಲ್ದು ಅಂತ ನೀನ ಹಿಂದಕ ಸರಕೋಂತ ಹಳ್ಳ ದಾಟಿದಿ. ಬೀಳ್ತಿಯೋ ಅಂದೆ, ಕೇಳಲಿಲ್ಲ.”

ಜಾಗದ ಅಂಕಿ ತೋರಿಸುವ ಜಿಪಿಎಸ್ ಯಂತ್ರ ಆಗ ಅವನ ಜೇಬಿನಲ್ಲಿತ್ತು. ಅದು ತೋರಿಸಿದ್ದು ಅವನು ನಿಂತ ಜಾಗವನ್ನು.

ಮಧ್ಯಾಹ್ನ ಒಂದರ ಬಸ್ಸಿಗೆ ಅವನೂ ತಿಪ್ಪವ್ವನೂ ಹೊರಟರು. ಹಳ್ಳದ ಈಚೆ ನಿಂತರೆ ಫೋಟೊದಲ್ಲಿ ಬಾಗಿಲಷ್ಟೇ ಬರುತ್ತಿತ್ತು. ಇಡೀ ಮನೆ ಬರಬೇಕೆಂಬುದು ನಿಯಮ. ಸಿದ್ದಾರೂಢ ತಿಪ್ಪವ್ವನನ್ನು ಹೊಸ್ತಿಲ ಮೇಲೆ ಕೂರಿಸಿ ಯಂತ್ರವನ್ನು ಅವಳ ಕೈಗೆ ಕೊಟ್ಟ.

“ಅಳ್ಳಾಡಬ್ಯಾಡ ಆಯಿ.”

“ಉಸುರರೆ ಆಡ್ಲೋ ಬ್ಯಾಡೋ?”

ಅವನು ಹಳ್ಳ ದಾಟಿ ಕ್ಯಾಮೆರಾ ಒತ್ತಿದ. ತಿರುಗಿ ಬಂದಾಗ ಅವಳು ಯಂತ್ರಕ್ಕೆ ಸೆರಗಿನ ನೆರಳು ಹಿಡಿದಿದ್ದಳು. “ಕೂಸಿನಂಗ ಬೆಚ್ಚಗಾಗೇತಿ ನೋಡು,” ಎಂದಳು. ಅವನು ಅಂಕಿ ಓದಿಕೊಂಡ, ಈ ಸಲ ಉತ್ತರ ಮೊದಲು. ಹೊರಡುವಾಗ ಅವಳು ಎರಡು ರೊಟ್ಟಿ, ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು.

ನಾಲ್ಕೂ ನಲವತ್ತಕ್ಕೆ ಮನೆ ಸಿಂದಗಿ ತಾಲೂಕಿನೊಳಗೆ ಕುಳಿತಿತು. ಚಾವಣಿ ಮಂಜೂರಾಯಿತು. ರಾಜೇಶ್ವರಿ ಮೇಡಂ ಹೊಸ ಫೋಟೊವನ್ನು ಬಹಳ ಹೊತ್ತು ನೋಡಿದರು.

“ಯಂತ್ರ ಹೊಸ್ತಿಲಮ್ಯಾಲ, ನೀವು ದೂರ! ಭಾಳ ಛಲೋ ಯುಕ್ತಿರಿ. ಅಂದ್ರ ಉಳಿದ ನಲವತ್ತೆರಡ್ರಾಗ ಮನಿ ಜಾಗಾ ಇಲ್ಲ, ನೀವು ನಿಂತ ಜಾಗಾ ಐತಿ. ಮಂಜೂರಿ ಪಟ್ಟಿಯಾಗ ಅವು ಇರ್ಲಿ. ನಾಳಿಂದ ಎಲ್ಲಾ ಮನಿಗೂ ಹೋಗಿ ಹಿಂಗ ತಗೊಂಡು ಬರ್ರಿ.”

ಸಿದ್ದಾರೂಢ ರೊಟ್ಟಿಯ ಗಂಟು ಬಿಚ್ಚಿದ. ಅರ್ಧ ಮುರಿದುಕೊಂಡ ದುಂಡೇಶ, ಯಾರೂ ಕೇಳದಿದ್ದರೂ, ನಕಾಶೆಯ ಮೇಲೆ ದಾರಿ ಅಳೆದು ಚೀಟಿಯಲ್ಲಿ ಬರೆದುಕೊಟ್ಟ: ಹೋಗಿ ಬರಲು ಒಟ್ಟು ೩೧೮ ಕಿಲೋಮೀಟರ್.